ಮೇಲೆದ್ದ ಬಿಳಿ ಬಿಲ್ಲೆ

‘ಠ’ ಅಕ್ಷರ ನನಗೆ ಮೊದಲಿಂದಲೂ ಇಷ್ಟ. ಒಂದು ದುಂಡು, ಒಳಗೊಂದು ಚುಕ್ಕಿ, ಮೇಲೊಂದು ಹುಬ್ಬು. ಗುರಾಯಿಸೋ ಮುಖ ತೋರಿಸಲು ಕನ್ನಡ ಬಾರದವರೂ ಇಂಟರ್‌ನೆಟ್‌ನಲ್ಲಿ ಎರಡು ‘ಠ’ ಜೋಡಿಸುತ್ತಾರಲ್ಲ, ಅದೇ. ಇದನ್ನು ಚಿತ್ರ ಬರೆಯುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ನಾನೇ ಬರೆದು, ಮೂರು ಆಯಾಮದ ಆಕೃತಿ ಮಾಡುವ ಬ್ಲೆಂಡರ್‌ಗೆ ತಂದು, ದಪ್ಪ ಕೊಟ್ಟು ನಿಲ್ಲಿಸಬೇಕು ಅಂತ ಒಂದು ಭಾನುವಾರ ಕೂತೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ.

ಅಕ್ಷರ 6 ಸೆಂಟಿಮೀಟರ್ ಅಗಲ. ಎಸ್‌ವಿಜಿ, ಅಂದರೆ ಗೆರೆಗಳನ್ನೇ ಉಳಿಸಿಡುವ ಫೈಲ್ ಮಾಡಿ ಸೇವ್ ಮಾಡಿದೆ, ಬ್ಲೆಂಡರ್ ತೆರೆದು ಇಂಪೋರ್ಟ್ ಒತ್ತಿದೆ. ಏನೂ ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ. ಆಮೇಲೆ ಬಲಗಡೆಯ ಪಟ್ಟಿ ನೋಡಿದರೆ ಮೂರು ಸಲವೂ ಬಂದು ಕೂತಿದೆ! ಬ್ಲೆಂಡರ್ ತೆರೆದ ಕೂಡಲೇ ನಡುವೆ ಒಂದು ಪೆಟ್ಟಿಗೆ ಇರುತ್ತದಲ್ವಾ, ಅದರ ಒಂದೊಂದು ಬದಿಯೂ 2 ಮೀಟರ್. ನನ್ನ 6 ಸೆಂಟಿಮೀಟರ್ ‘ಠ’ ಅದರ ಹೊಟ್ಟೆಯೊಳಗಿತ್ತು. ಪೆಟ್ಟಿಗೆ ಅಳಿಸಿದೆ, ಹೆಚ್ಚಾದ ಎರಡು ಪ್ರತಿ ತೆಗೆದೆ, ಉಳಿದದ್ದನ್ನು ಆರಿಸಿ ನಂಬರ್ ಪ್ಯಾಡಿನ ಚುಕ್ಕಿ ಒತ್ತಿದಾಗ ಅಕ್ಷರ ಕಣ್ಣೆದುರು ಬಂತು. ಕೆಳಗೆ ಟೈಪ್ ಮಾಡಿದ್ದ ಒಂದು ಸಾಲು ಮಾತ್ರ ಬಂದಿರಲಿಲ್ಲ. ಟೈಪ್ ಮಾಡಿದ ಅಕ್ಷರಗಳನ್ನು ಮೊದಲೇ ಪಾತ್, ಅಂದರೆ ಬರೀ ಗೆರೆ, ಮಾಡಿಕೊಳ್ಳದಿದ್ದರೆ ಬ್ಲೆಂಡರ್ ತರುವುದಿಲ್ಲ. ಹೋಗಲಿ ಬಿಡಿ, ಆ ಸಾಲು ಬೇಕಾಗಿಯೂ ಇರಲಿಲ್ಲ.

ದಪ್ಪ ಕೊಡುವ ಎಕ್ಸ್‌ಟ್ರೂಡ್‌ಗೆ 5 ಮಿಲಿಮೀಟರ್ ಕೊಟ್ಟೆ. ಅದು ಎರಡೂ ಕಡೆ ಬೆಳೆಯುತ್ತದೆ, ಹಾಗಾಗಿ ಒಟ್ಟು ದಪ್ಪ 1 ಸೆಂಟಿಮೀಟರ್. ಆಗ ಶುರುವಾಯಿತು ನಿಜವಾದ ತಮಾಷೆ. ದುಂಡಿನ ಒಳಗೆ ತೂತು ಇರಬೇಕಾದ ಕಡೆ ಬಿಳಿಯ ಬಿಲ್ಲೆಯೊಂದು ಗಟ್ಟಿಯಾಗಿ ಎದ್ದು ನಿಂತಿದೆ. ಕಪ್ಪೂ ಬಿಳಿಯೂ ಒಂದೇ ಎತ್ತರದಲ್ಲಿ ಮೈಗೆ ಮೈ ತಾಗಿ, ತಿರುಗಿಸಿದಾಗಲೆಲ್ಲ ಮಿಣಮಿಣ ಅನ್ನುತ್ತಿವೆ.

ತಪ್ಪು ನನ್ನದೇ. ಬರೆಯುವಾಗ ದೊಡ್ಡ ಕಪ್ಪು ದುಂಡು ಹಾಕಿ, ಅದರ ಮೇಲೆ ಸಣ್ಣ ಬಿಳಿ ದುಂಡು ಮುಚ್ಚಿ, ಅದರ ಮೇಲೆ ಕಪ್ಪು ಚುಕ್ಕಿ ಇಟ್ಟಿದ್ದೆ. ಬಿಳಿ ಹಾಳೆಯ ಮೇಲೆ ಅದು ತೂತಿನ ಹಾಗೇ ಕಾಣುತ್ತಿತ್ತು. ನಾನು ತೂತು ಕೊರೆದಿರಲಿಲ್ಲ, ಸುಮ್ನೆ ಬಣ್ಣ ಬಳಿದಿದ್ದೆ. ಬ್ಲೆಂಡರ್‌ಗೆ ಬಿಳಿ ಅಂದರೆ ಖಾಲಿ ಅಲ್ಲ, ಅದೂ ಒಂದು ವಸ್ತು. ಎರಡು ಆಯಾಮದಲ್ಲಿ ನಾನು ವರ್ಷಗಳಿಂದ ಹೀಗೇ ಮುಚ್ಚಿ ಮುಚ್ಚಿ ಕೆಲಸ ಸಾಗಿಸುತ್ತಿದ್ದೆ, ಯಾರೂ ಹಿಡಿದಿರಲಿಲ್ಲ.

ವಾಪಸ್ ಇಂಕ್‌ಸ್ಕೇಪ್‌ಗೆ. ಎರಡು ದುಂಡು ಆರಿಸಿ, ಕೆಳಗಿನದರಿಂದ ಮೇಲಿನದನ್ನು ಕತ್ತರಿಸಿ ತೆಗೆಯುವ ಡಿಫರೆನ್ಸ್ ಕೊಟ್ಟೆ, ಈಗ ನಿಜವಾದ ಬಳೆ ಆಯಿತು. ಚುಕ್ಕಿಯನ್ನು ಅದರ ಜೊತೆ ಕಂಬೈನ್ ಮಾಡಿ ಒಂದೇ ಆಕೃತಿಯಾಗಿ ಕೂಡಿಸಿ, ಮತ್ತೆ ಬ್ಲೆಂಡರ್‌ಗೆ ತಂದೆ. ಈ ಸಲ ಒಂದೇ ಕರ್ವ್ ಆಗಿ ಬಂತು. ಹೊರಗೆರೆಯ ಒಳಗೆ ತುಂಬಿದ ಜಾಗ, ಒಳಗೆರೆಯ ಒಳಗೆ ಖಾಲಿ, ಅದರೊಳಗೆ ಮತ್ತೆ ತುಂಬಿದ ಚುಕ್ಕಿ. ಗೆರೆಯ ಮೇಲಿನ ಬಿಂದುಗಳಾದ ನೋಡ್‌ಗಳೂ, ಗೆರೆ ಬಾಗಿಸಲು ನಾನು ಎಳೆದ ಅವುಗಳ ಹಿಡಿಗಳೂ ಇದ್ದ ಜಾಗದಲ್ಲೇ ಇದ್ದವು. ಎರಡೂ ಕಡೆ ಬಳಸುವುದು ಅದೇ ಬೆಜಿಯರ್ ಗೆರೆ, ಅದಕ್ಕೇ. 1960ರ ದಶಕದಲ್ಲಿ ಕಾರಿನ ಮೈಯ ಬಳುಕು ಬರೆಯಲು ಫ್ರೆಂಚ್ ಎಂಜಿನಿಯರ್ ಪಿಯರ್ ಬೆಜಿಯರ್ ಬಳಕೆಗೆ ತಂದದ್ದು ಇಲ್ಲಿ ನನ್ನ ‘ಠ’ದ ಹೊಟ್ಟೆ ದುಂಡಗಿಡುತ್ತಿದೆ.

ಖುಷಿ ಜಾಸ್ತಿಯಾಗಿ ಅಂಚು ನಯವಾಗಲಿ ಅಂತ 1 ಮಿಲಿಮೀಟರ್ ಬೆವೆಲ್ ಕೊಟ್ಟೆ. ಚುಕ್ಕಿ ಹೋಗಿ ಬಳೆಗೆ ಅಂಟಿಕೊಂಡಿತು! ಕರ್ವ್‌ಗೆ ಬೆವೆಲ್ ಕೊಟ್ಟರೆ ಅದು ಅಂಚನ್ನು ಕೆತ್ತುವುದಿಲ್ಲ, ಹೊರಗೆ ಊದಿಸುತ್ತದೆ. ಚುಕ್ಕಿಗೂ ಬಳೆಗೂ ನಡುವೆ ನಾನು ಬಿಟ್ಟಿದ್ದು ಕೇವಲ 2 ಮಿಲಿಮೀಟರ್. ಆ ಕಡೆಯಿಂದ 1, ಈ ಕಡೆಯಿಂದ 1, ಸಂದು ಮುಚ್ಚಿಹೋಯಿತು. ಆಫ್‌ಸೆಟ್ ಅನ್ನೋ ಖಾನೆಯಲ್ಲಿ ಮೈನಸ್ 1 ಮಿಲಿಮೀಟರ್ ಹಾಕಿದೆ. ಗೆರೆ ಅಷ್ಟೇ ಒಳಗೆ ಸರಿದು, ಸಂದು ಮೊದಲಿನಂತೆ ತೆರೆದುಕೊಂಡಿತು.

ಅಷ್ಟರಲ್ಲಿ ಸಂಜೆ. ಲೈಟ್ ಒಂದನ್ನು ಹಿಂದೆ ಇಟ್ಟು ನೋಡಿದೆ. ಚುಕ್ಕಿಯ ಸುತ್ತ ಬೆಳಕು ತೂರಿ ಬಂತು. ‘ಠ’ ನನ್ನನ್ನೇ ಗುರಾಯಿಸುತ್ತಿತ್ತು.