ಟೆಂಟಿನಲ್ಲಿ ಕಂಡ ಶಿವಲಿಂಗ

26 ಫೆಬ್ರವರಿ 2025, ಬುಧವಾರ

ಇವತ್ತು ಶಿವರಾತ್ರಿ. ಅಮ್ಮನಿಗೆ ಬೆಳಗಿನಿಂದ ಉಪವಾಸ, ರಾತ್ರಿ ಜಾಗರಣೆ. ಹನ್ನೊಂದರ ಹೊತ್ತಿಗೆ ತೂಕಡಿಸತೊಡಗಿದಳು. ಟಿವಿಯಲ್ಲಿ ‘ಬೇಡರ ಕಣ್ಣಪ್ಪ’ ಹಾಕಿದೆ. 1954ರ ಚಿತ್ರ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ. ಮುತ್ತುರಾಜ್ ಅವರು ರಾಜ್‌ಕುಮಾರ್ ಎಂಬ ಹೆಸರಲ್ಲಿ ನಾಯಕರಾಗಿ ಬಂದದ್ದು ಇದರಲ್ಲೇ.

ಹಸಿವು ತಾಳಲಾರದೆ ಚಿತ್ರದ ನಾಯಕ, ಬೇಡರ ದಿಣ್ಣ ಶಿವನನ್ನು ಕೂಗುವ ಹಾಡು ಬಂತು. ಅಮ್ಮ ಎದ್ದು ಕೂತು ಜೊತೆಗೆ ಹಾಡಿದಳು. ಆಮೇಲೆ ಮೆಲ್ಲಗೆ, "ಲಿಂಗಾನ ಅಷ್ಟು ಹತ್ರದಿಂದ ನೋಡಿದ್ದು ಟೆಂಟಲ್ಲೇ ಕಣಪ್ಪ" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಊರಿನ ಗುಡಿಯಲ್ಲಿ ನಮ್ಮವರು ಬಾಗಿಲಾಚೆ ನಿಂತು ಕೈಮುಗಿಯಬೇಕಿತ್ತು. ಮಂಗಳಾರತಿಯ ಬೆಳಕು ಕಂಡರೆ ಅದೇ ಪುಣ್ಯ. ಟೆಂಟ್ ಸಿನಿಮಾದಲ್ಲಿ ಮಾತ್ರ ಎಲ್ಲರೂ ಒಟ್ಟಿಗೆ ನೆಲದ ಮೇಲೆ ಕೂರುತ್ತಿದ್ದರಂತೆ. ಬೇಡನೊಬ್ಬ ಲಿಂಗದ ಮುಂದೆ ಮಾಂಸ ಇಡುತ್ತಾನೆ, ಶಿವ ಒಲಿಯುತ್ತಾನೆ. ಅದನ್ನು ನೋಡಿ ಅಮ್ಮನ ಪಕ್ಕದಲ್ಲಿ ಕೂತ ಗೌಡರ ಮನೆಯ ಹೆಂಗಸರೂ ಅತ್ತರಂತೆ. ಮರುದಿನ ಗುಡಿಯ ಬಾಗಿಲಲ್ಲಿ ಏನೂ ಬದಲಾಗಿರಲಿಲ್ಲ.

ಭಕ್ತಿ ಚಿತ್ರ ಅಂದರೆ ಬರೀ ಪವಾಡ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಇಲ್ಲಿ ದೇವರ ಜೊತೆ ಜಗಳ ಆಡಬಹುದು, ಹಸಿವು ಹೇಳಿಕೊಳ್ಳಬಹುದು. ಈಗಿನ ಎಷ್ಟೋ ಚಿತ್ರಗಳಲ್ಲಿ ದೇವರು ಬರುವುದೇ ಕೊನೇ ಹೊಡೆದಾಟಕ್ಕೆ. ಗ್ರಾಫಿಕ್ಸ್ ಜಾಸ್ತಿ, ಚೆಂಡೆಯ ಸದ್ದು ಜಾಸ್ತಿ. ನಾಯಕ ದೇವರ ಹೆಸರಲ್ಲಿ ಹೊಡೆಯುತ್ತಾನೆ, ನಾವು ಶಿಳ್ಳೆ ಹಾಕುತ್ತೇವೆ. ಅವನಿಗೂ ದೇವರಿಗೂ ನಡುವೆ ಒಂದು ಮಾತೂ ನಡೆದಿರುವುದಿಲ್ಲ.

ಆದರೂ ‘ಬೇಡರ ಕಣ್ಣಪ್ಪ’ದಲ್ಲಿ ಒಂದು ವಿಷಯ ನನಗೆ ಒಪ್ಪಿಗೆಯಿಲ್ಲ. ದಿಣ್ಣ, ಅವನ ಹೆಂಡತಿ ನೀಲ ಇಬ್ಬರೂ ಮೊದಲು ದೇವಲೋಕದವರು, ಶಾಪದಿಂದ ಬೇಡರಾಗಿ ಹುಟ್ಟಿದವರು ಅಂತ ಕತೆ ಹೇಳುತ್ತದೆ. ಯಾಕೆ ಬೇಕಿತ್ತು ಅದು? ಬೇಡ ಬೇಡನಾಗಿಯೇ ಇದ್ದು ಶಿವನನ್ನು ಅಷ್ಟು ಪ್ರೀತಿಸಲಾರನೇ? ಅಮ್ಮನಿಗೆ ಇದನ್ನೇ ಕೇಳಿದೆ. "ಆ ಶಾಪಗೀಪ ನಂಗೆ ನೆನಪೇ ಇಲ್ಲ" ಅಂದಳು. ಇಷ್ಟು ವರ್ಷ ಅವಳ ಮನಸ್ಸಿನಲ್ಲಿ ಉಳಿದದ್ದು ಹಸಿದ ಬೇಡ ಒಬ್ಬನೇ.

ಒಂದೂವರೆ ಆಗಿತ್ತು. ದಿಣ್ಣ ಕಣ್ಣು ಕಿತ್ತು ಕೊಡುವಾಗ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಇನ್ನೊಂದ್ಸಲ ಹಾಕು, ಲಿಂಗ ಸರಿಯಾಗಿ ಕಾಣ್ಲಿಲ್ಲ" ಅಂದಳು.

ಹಾಕಿದೆ.