ಜೂಜು ತಪ್ಪಾ ಅಂತ ಕೇಳುವವರಿಗೆ

ಕಾರವಾರದಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಕರ್ಮವಿದೆ. ಗೋವಾಕ್ಕೆ ಹೊರಟ ಪರಿಚಯದವರೆಲ್ಲ ನಮ್ಮ ಮನೆಯಲ್ಲಿ ಚಾ ಕುಡಿದೇ ಗಡಿ ದಾಟುತ್ತಾರೆ. ಮಾಜಾಳಿ ದಾಟಿದರೆ ಗೋವಾ, ಪಣಜಿಗೆ ಸುಮಾರು 100 ಕಿಲೋಮೀಟರ್. ಬೀಚಿಗೆ ಹೋಗುತ್ತೇವೆ ಅಂತ ಮನೆಯಲ್ಲಿ ಹೇಳಿರುತ್ತಾರೆ. ಮಾಂಡೋವಿ ನದಿಯಲ್ಲಿ ನಿಂತ ಕ್ಯಾಸಿನೋ ಹಡಗಿಗೆ ಅಂತ ನನಗೆ ಹೇಳುತ್ತಾರೆ. "ನೀನೂ ಬಾ, ಒಂದು ರಾತ್ರಿ" ಅನ್ನುತ್ತಾರೆ. ಬರಲ್ಲ ಅನ್ನುತ್ತೇನೆ. ಆಗ ಬರುತ್ತದೆ ಪ್ರಶ್ನೆ: "ಯಾಕೆ, ಜೂಜು ತಪ್ಪು ಅಂತಾನಾ ನಿಂಗೆ?"

ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಬರೆದಿಡುತ್ತೇನೆ. ಇನ್ನು ಯಾರೇ ಕೇಳಿದರೂ ಇದನ್ನೇ ಮೊಬೈಲಿಗೆ ಕಳಿಸುತ್ತೇನೆ. ಚಾ ಮಾತ್ರ ಎಂದಿನಂತೆ ಸಿಗುತ್ತದೆ.

ಮೊದಲನೆಯದಾಗಿ, ಹೀಗೆ ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ತಪ್ಪು ಅಂದರೆ ನಾನು ಹಳ್ಳಿ ಗೊಡ್ಡು. ತಪ್ಪಲ್ಲ ಅಂದರೆ ಕಾರು ಹತ್ತಬೇಕು. ಎರಡರಲ್ಲಿ ಯಾವುದು ಹೇಳಿದರೂ ಅವರು ನಕ್ಕು, ಚಕ್ಕುಲಿ ಎತ್ತಿಕೊಂಡು, ಟೈಮಾಯ್ತು ಅಂತ ಏಳುತ್ತಾರೆ. ಅದಾದರೂ ಪರವಾಗಿಲ್ಲ, ನಮ್ಮೂರು ಅಂಕೋಲಾ ಕಡೆಯವರ ವರಸೆ ಬೇಡ. ಅವರು ಸಿಕ್ಕಿದರೆ "ನಿಮ್ಮಪ್ಪ ಓಸಿ ಬರೀತಿದ್ರಲ್ಲ, ಅಲ್ವಾ?" ಅಂತ ಶುರು ಮಾಡುತ್ತಾರೆ. ಆಮೇಲೆ ಏನೂ ಕೇಳುವುದಿಲ್ಲ. ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಸಿಕ್ಕವರ ಹಾಗೆ ನನ್ನನ್ನೇ ನೋಡುತ್ತಾ ನಿಲ್ಲುತ್ತಾರೆ.

ಹೌದು, ಬರೆಯುತ್ತಿದ್ದರು. ನಮ್ಮದೊಂದು ಗೂಡಂಗಡಿ ಇತ್ತು. ಬೀಡಿ, ಎಲೆಯಡಿಕೆಯ ಕವಳ, ಬಾಳೆಹಣ್ಣು, ಪೆಪ್ಪರ್‌ಮಿಂಟು. ಎದುರಿಗೆ ದಾರ ಕಟ್ಟಿ, ಕ್ಲಿಪ್ಪು ಹಾಕಿ ನೇತುಬಿಟ್ಟ ಲಾಟರಿ ಟಿಕೆಟ್. ಒಳಗೆ ಬೀಡಿ ಕಟ್ಟಿನ ಹಿಂದೆ ಓಸಿ ಚೀಟಿ. ಲಾಟರಿಯ ಮೇಲೆ ಸರ್ಕಾರದ ಮುದ್ರೆ, ಓಸಿಯ ಮೇಲೆ ಪೊಲೀಸರ ಕಣ್ಣು. ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಅಲ್ಲಿಯ ತನಕ ಅಪ್ಪ ಅಂಗಡಿಯ ಎದುರು ಭಾಗದಲ್ಲಿ ಸರ್ಕಾರದ ಲಾಟರಿ ಮಾರುವವ, ಹಿಂಭಾಗದಲ್ಲಿ ಆರೋಪಿ. ಕೂತ ಸ್ಟೂಲು ಒಂದೇ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓಸಿ ಅಂದರೆ ಓಪನ್, ಕ್ಲೋಸ್, ನಂಬರಿನ ಮೇಲೆ ದುಡ್ಡು ಕಟ್ಟುವ ಆಟ. ಬೊಂಬಾಯಿಯ ಮಟ್ಕಾದ ಮರಿ. ನ್ಯೂಯಾರ್ಕಿನ ಹತ್ತಿ ಪೇಟೆ ಯಾವ ರೇಟಿಗೆ ಶುರುವಾಗುತ್ತದೆ, ಯಾವ ರೇಟಿಗೆ ಮುಗಿಯುತ್ತದೆ ಅನ್ನುವುದರ ಮೇಲೆ ಬೊಂಬಾಯಿಯಲ್ಲಿ ದುಡ್ಡು ಕಟ್ಟುತ್ತಿದ್ದರು. 1960ರ ದಶಕದಲ್ಲಿ ಆ ರೇಟು ಬರುವುದು ನಿಂತಿತು. ಆಟ ನಿಲ್ಲಲಿಲ್ಲ. ಮಡಿಕೆಯಲ್ಲಿ ನಂಬರಿನ ಚೀಟಿ ಹಾಕಿ ಎತ್ತಿದರು. ಮಟ್ಕಾ ಅಂದರೆ ಮಡಿಕೆ. ಹಾಗೆ, ಹತ್ತಿ ಗಿಡವನ್ನು ಕಣ್ಣಲ್ಲೂ ನೋಡದ ಬೇಲೆಕೇರಿಯ ಮೀನುಗಾರ ಸಂಜೆ ನಮ್ಮ ಅಂಗಡಿಗೆ ಬಂದು "ಇವತ್ತು ಏನು ಬಿತ್ತು?" ಅಂತ ಕೇಳುವ ಹಾಗಾಯಿತು.

ಕನಸಿನಲ್ಲಿ ಹಾವು ಬಂದರೆ ಒಂದು ನಂಬರು, ಹೆಣ ಬಂದರೆ ಇನ್ನೊಂದು. ಎದುರಿಗೆ ಬಸ್ಸು ನಿಂತರೆ ಅದರ ನಂಬರಿನ ಕೊನೆಯ ಎರಡು ಅಂಕೆ. ಬರೆಯುತ್ತಿದ್ದುದು ಅಪ್ಪ, ಸಂಜೆ ಕೂಡಿಸುತ್ತಿದ್ದುದು ನಾನು. ನನ್ನ ಶಾಲೆಯ ಮಾಸ್ತರೊಬ್ಬರು ನನ್ನ ಗಣಿತದ ಪಟ್ಟಿಯೊಳಗೆ ಎರಡು ರೂಪಾಯಿ ನೋಟು ಮಡಚಿ ಇಟ್ಟು ಕಳಿಸುತ್ತಿದ್ದರು. ನೋಟಿನ ಜೊತೆ ಚೀಟಿ, ಚೀಟಿಯಲ್ಲಿ ನಂಬರು.

ಏಳನೇ ಕ್ಲಾಸಿನಲ್ಲಿ ಶೇಕಡಾ ಲೆಕ್ಕ ಬಂತು. ಕಟ್ಟಿದ ನಂಬರು ಬಿದ್ದರೆ ನಮ್ಮಲ್ಲಿ ಒಂದು ರೂಪಾಯಿಗೆ 80 ಕೊಡುತ್ತಿದ್ದರು. 00ರಿಂದ 99ರ ತನಕ 100 ನಂಬರು. ಎಲ್ಲದಕ್ಕೂ ಒಂದೊಂದು ರೂಪಾಯಿ ಕಟ್ಟಿದರೆ 100 ಹೋಗಿ 80 ಬರುತ್ತದೆ. ಇದು ಹೊಳೆದ ದಿನ ನನಗೆ ಭೂಮಿ ತಿರುಗುವುದನ್ನು ನಾನೇ ಕಂಡುಹಿಡಿದಷ್ಟು ಖುಷಿ. ಓಡಿಹೋಗಿ ಅಪ್ಪನಿಗೆ ತೋರಿಸಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆ ಎತ್ತದೆ ಹೇಳಿದರು, "ಆ ಇಪ್ಪತ್ತೂ ನಮಗಲ್ಲ ತಮಾ. ನಮ್ಮದು ಕಮಿಷನ್ ಮಾತ್ರ." ಮರುದಿನ ಮಾಸ್ತರಿಗೆ ತೋರಿಸಿದೆ. ಅವರು ಪಟ್ಟಿ ನೋಡಿ, ಸರಿ ಅಂತ ಕೆಂಪು ಗುರುತು ಹಾಕಿ, ಎರಡು ರೂಪಾಯಿ ಒಳಗಿಟ್ಟು ವಾಪಸ್ ಕೊಟ್ಟರು.

ಈಗ ಕ್ಯಾಸಿನೋದವರಿಗೆ ಬರುತ್ತೇನೆ. ಒಂದೇ ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆ. ಎಲ್ಲದಕ್ಕೂ ಒಂದೊಂದು ರೂಪಾಯಿ ಇಟ್ಟರೆ 36 ಕೈಗೆ ವಾಪಸ್. ಅಂದರೆ ಹಡಗು ನೂರಕ್ಕೆ ಮೂರು ರೂಪಾಯಿಗಿಂತ ಕಮ್ಮಿ ಇಟ್ಟುಕೊಳ್ಳುತ್ತದೆ. ಚಕ್ರ ಗಂಟೆಗೆ ಎಷ್ಟೋ ಸಲ ತಿರುಗುತ್ತದೆ, ಹಾಗಾಗಿ ಅವರೇನೂ ಉಪವಾಸ ಬಿದ್ದಿಲ್ಲ, ಆ ಮಾತು ಬೇರೆ. ಆದರೆ ನೋಡಿ, ಎ.ಸಿ.ಯಲ್ಲಿ ಕೂತು ಆಡುವವನಿಂದ ಒಂದು ಸಲಕ್ಕೆ ನೂರರಲ್ಲಿ ಮೂರೂ ಇಲ್ಲ, ಮೀನು ಬುಟ್ಟಿ ಇಳಿಸಿ ಸೆರಗಿನ ಗಂಟು ಬಿಚ್ಚುವವಳಿಂದ 20. ಪೇಪರಿನ ಮೂಲೆಯಲ್ಲಿ ಬರುವುದು ಎರಡನೆಯದು: ಓಸಿ ಆಡಿಸುತ್ತಿದ್ದವನ ಬಂಧನ, ಇಷ್ಟು ನಗದು, ಓಸಿ ಚೀಟಿ, ಒಂದು ಬಾಲ್ ಪೆನ್ನು ವಶ. ಬಾಲ್ ಪೆನ್ನು ತಪ್ಪದೆ ಇರುತ್ತದೆ. ನಮ್ಮ ಮನೆಯಿಂದಲೂ ಎರಡು ಸಲ ಪೆನ್ನು ಹೋಗಿದೆ.

ಇಷ್ಟು ಹೇಳಿದರೆ ಕೆಲವರು ತತ್ವಕ್ಕೆ ಇಳಿಯುತ್ತಾರೆ. ಶಿರಸಿಯ ನನ್ನ ಸ್ನೇಹಿತನೊಬ್ಬನಿದ್ದಾನೆ, ನಾಲ್ಕು ಎಕರೆ ತೋಟ. "ಅಡಿಕೆ ಬೆಳೆಯೋದೂ ಜೂಜೇ ಮಾರಾಯಾ, ಕಡಲಿಗೆ ಬೋಟು ಇಳಿಸೋದೂ ಜೂಜೇ, ಎಲ್ಲಾ ಜೂಜೇ" ಅನ್ನುತ್ತಾನೆ. ಎಲ್ಲಾ ಜೂಜಾದರೆ ಯಾವುದೂ ಜೂಜಲ್ಲ, ಕೇಳುವವನಿಗೂ ನೆಮ್ಮದಿ. ಆದರೆ ಮಳೆ ನಿನ್ನ ಜೇಬು ನೋಡಿ ಬರುವುದಿಲ್ಲ. ಕೊಳೆ ರೋಗ ಬಂದೀತು ಅಂತ ಮೊದಲೇ ಬೋರ್ಡೋ ಔಷಧಿ ಹೊಡೆಯುತ್ತೀಯ, ಸ್ವಲ್ಪ ಅಡಿಕೆ ಕೊನೆಯಾದರೂ ಉಳಿಯುತ್ತದೆ. ಬೋರ್ಡೋ ಹೊಡೆದರೆ ಓಸಿ ನಂಬರು ಬೀಳುತ್ತದಾ? ಇನ್ನೊಬ್ಬರು "ಧರ್ಮರಾಯನೇ ಆಡಿದ" ಅನ್ನುತ್ತಾರೆ. ಅವರು ಪ್ರಸಂಗ ಮುಗಿಯುವ ತನಕ ಕೂತವರಲ್ಲ. ನಾನಂತೂ ಶಕುನಿಯ ಕಡೆಯವನು, ಆ ಪಗಡೆಯ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ.

ಮೊಬೈಲಿನ ರಮ್ಮಿ ಬಗ್ಗೆ ಕೇಳಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರವೇ 2025ರ ಆಗಸ್ಟಿನಲ್ಲಿ ಕಾನೂನು ಮಾಡಿ ನಿಷೇಧಿಸಿದೆ, ನನ್ನ ಅಭಿಪ್ರಾಯಕ್ಕೆ ಅದು ಕಾದಿರಲಿಲ್ಲ.

ನಾನು ಆಡುವುದೇ ಇಲ್ಲ ಅಂತಲ್ಲ. ದೀಪಾವಳಿಯ ರಾತ್ರಿ ಭಾವಂದಿರ ಜೊತೆ ಇಸ್ಪೀಟಿಗೆ ಕೂರುತ್ತೇನೆ. ಹೋದ ಸಲ 200 ರೂಪಾಯಿ ಸೋತೆ. ಗೆದ್ದ ಭಾವ ಬೆಳಿಗ್ಗೆ ಅದೇ ದುಡ್ಡಿನಲ್ಲಿ ಎಲ್ಲರಿಗೂ ಬನ್ಸ್ ತಂದ. ಅದು ತಪ್ಪು ಅಂತ ನನಗೆ ಅನಿಸಿಲ್ಲ. ಹಾಗಾಗಿ ಆಡುವುದು ತಪ್ಪಾ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ದೊಡ್ಡ ಉತ್ತರವೇನಿಲ್ಲ. ನನ್ನನ್ನು ಕೇಳಬೇಕಾದದ್ದು ಆಡಿದವರ ಬಗ್ಗೆ ಅಲ್ಲ. ಬರೆದುಕೊಂಡವರ ಬಗ್ಗೆ. ಅದನ್ನು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ.

ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವುದಿಲ್ಲ. ಈಗಲೂ ಜೂನ್ ಮತ್ತು ಜುಲೈ ಎರಡು ತಿಂಗಳು ನಿಷೇಧವಿದೆ. ಕೈಯಲ್ಲಿ ದುಡ್ಡಿಲ್ಲ, ಹೊತ್ತು ಬೇಕಾದಷ್ಟು. ಓಸಿಗೆ ಅದೇ ಸುಗ್ಗಿ. ಉದ್ರಿ ಓಸಿ ಬರೆಯಬಾರದು ಅನ್ನುವುದು ಅಪ್ಪನದೇ ನಿಯಮ. ಆ ವರ್ಷ ಬೇಲೆಕೇರಿಯ ಒಬ್ಬನಿಗೆ, ಬೋಟಿನ ಕೆಲಸದವನಿಗೆ, ಬರೆದರು. ಪಾಪ, ಪರಿಚಯದವ ಅಂತ. ಅವನ ಉದ್ರಿ ಹಾಳೆ ನನ್ನ ಅಕ್ಷರದಲ್ಲೇ ಇತ್ತು. ಐದು, ಹತ್ತು, ಐದು, ಹತ್ತು. ಚೌತಿ ಹತ್ತಿರ ಬರುವಾಗ 340 ಆಗಿತ್ತು.

ಒಂದು ಸಂಜೆ ಅವನು ಗೋಣಿಚೀಲ ಸುತ್ತಿಕೊಂಡು ಒಂದು ತಾಮ್ರದ ಕೊಡ ತಂದ. ಮಳೆ ಹೊಡೆಯುತ್ತಿತ್ತು, ಆದರೆ ಒಳಗಿದ್ದದ್ದು ಮಳೆ ನೀರಲ್ಲ. ನಾನು ಕೈ ಹಾಕಿ ನೋಡಿದೆ. ತಳದಲ್ಲಿ ಒಂದು ಲೋಟದಷ್ಟು ನೀರು, ಬಾಯಿಗೆ ಅರಿವೆಯಲ್ಲಿ ಸೋಸಿದ ಗುರುತು. ಬೆಳಿಗ್ಗೆ ಬಾವಿಯಿಂದ ತುಂಬಿದ ಕುಡಿಯುವ ನೀರು. "ಚೌತಿ ಕಳದ ಮೇಲೆ ಬಿಡಿಸ್ಕಂಡ್ ಹೋಗ್ತೆ" ಅಂದ. ಅಪ್ಪ ಕೊಡವನ್ನು ಬೆರಳಲ್ಲಿ ಒಮ್ಮೆ ತಟ್ಟಿ, ಹಾಳೆಯಲ್ಲಿ ಗೆರೆ ಎಳೆಯಲು ನನಗೆ ಹೇಳಿದರು. ಎಳೆದೆ.

ವಾರ ಕಳೆದು ಅವನ ಹೆಂಡತಿ ಬಂದಳು. ಜಗಳಕ್ಕೆ ಬಂದಳು ಅಂತ ನಾನು ಒಳಗೆ ಸರಿದೆ. ಅವಳು ಎರಡೆಲೆ ಕವಳ ತಗೊಂಡು, ಅಪ್ಪ ಚಿಲ್ಲರೆ ಹುಡುಕುವಾಗ ನನ್ನ ಕಡೆ ಬಗ್ಗಿ, ತವರಿಗೆ ಕೊಟ್ಟ ಆಕಳನ್ನು ವಿಚಾರಿಸುವ ಹಾಗೆ, "ತಮಾ, ಕೊಡ ಚಲೋ ಇತ್ತಾ?" ಅಂತ ಕೇಳಿದಳು.

ಇದೆ ಅಂದೆ.

ಆಯಿ, ಅಂದರೆ ನನ್ನ ಅಮ್ಮ, ಆ ಕೊಡದಲ್ಲಿ ಯಾವತ್ತೂ ನೀರು ತುಂಬಲಿಲ್ಲ. ಮಂಚದ ಕೆಳಗೆ ಇಟ್ಟರು. ಅಪ್ಪನ ಹತ್ತಿರ ಆ ಬಗ್ಗೆ ಮಾತಾಡಿದ್ದನ್ನೂ ನಾನು ಕೇಳಿಲ್ಲ, ಊಟಕ್ಕೆ ಬಡಿಸುವಾಗ ತಂಬಿಗೆಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದರು, ಅಷ್ಟೇ. ಚೌತಿ ಕಳೆಯಿತು, ದೀಪಾವಳಿಯೂ ಕಳೆಯಿತು. ಆ ಮನೆಯವರು ಮಲ್ಪೆ ಕಡೆ ಕೆಲಸಕ್ಕೆ ಹೋದರು ಅಂತ ಸುದ್ದಿ ಬಂತು. ಏಳನೇ ಕ್ಲಾಸಿನ ಹುಡುಗ, ನಿನಗೇನು ಗೊತ್ತಿತ್ತು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಶೇಕಡಾ ಲೆಕ್ಕ ಗೊತ್ತಿತ್ತು.

ಅಪ್ಪ ಹೋದ ಮೇಲೆ ಅಂಕೋಲಾದ ಮನೆ ಖಾಲಿ ಮಾಡಿದೆವು. ಕೊಡ ಕಾರವಾರಕ್ಕೆ ಬಂತು. ಹುಣಸೆಹಣ್ಣು ಹಾಕಿ ತಿಕ್ಕಿ ಹಾಲಿನ ಮೂಲೆಯಲ್ಲಿ ಇಟ್ಟಿದ್ದೇವೆ, ಚೆಂದ ಕಾಣುತ್ತದೆ. ಗೋವಾಕ್ಕೆ ಹೋಗುವವರು ಚಾ ಕುಡಿಯುತ್ತಾ ಅದನ್ನೇ ನೋಡುತ್ತಾರೆ. "ಎಲ್ಲಿ ಸಿಕ್ತು ಮಾರಾಯಾ ಇದು? ಆಂಟಿಕ್ ಪೀಸು!" ಅನ್ನುತ್ತಾರೆ. ಅಜ್ಜಿ ಮನೆಯದ್ದು ಅನ್ನುತ್ತೇನೆ. ಕೊಡದ ಕಂಠದಲ್ಲಿ ಚುಕ್ಕಿ ಅಕ್ಷರದಲ್ಲಿ ಹೊಡೆದ ಒಂದು ಹೆಸರಿದೆ, ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಹೆಸರು. ಆ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.