ಒಬ್ಬರೇ ನಡೆಸುವ ವ್ಯವಹಾರಕ್ಕೆ ಕಾರ್ಡ್ ಮಷೀನ್

ಮಷೀನ್ ತಗೊಳ್ಳುವವರೆಲ್ಲ ಮೊದಲು ಕೇಳುವುದು ‘ಕಮಿಷನ್ ಎಷ್ಟು ಪರ್ಸೆಂಟ್?’ ಎಂದು. ಆ ಅಂಕಿ ಒಂದರಿಂದಲೇ ಏನೂ ತಿಳಿಯದು. ಶೇ 2ರ ಜೊತೆಗೆ ಪ್ರತಿ ಬಿಲ್ಲಿಗೂ 3 ರೂಪಾಯಿಯಂತೆ ನಿಗದಿತ ಶುಲ್ಕ ಇದೆ ಎಂದಿಟ್ಟುಕೊಳ್ಳಿ. 1000ದ ಬಿಲ್ಲಿಗೆ ಹೋಗುವುದು 23, ಅಂದರೆ ಶೇ 2.3. 50ರ ಬಿಲ್ಲಿಗೆ 4. ಅದು ಶೇ 8! ಸಣ್ಣ ಬಿಲ್ಲುಗಳೇ ಹೆಚ್ಚಿದ್ದರೆ ನಿಗದಿತ ಶುಲ್ಕವಿಲ್ಲದ, ಪರ್ಸೆಂಟ್ ತುಸು ಜಾಸ್ತಿಯಿರುವ ಯೋಜನೆಯೇ ಅಗ್ಗ. ಮಷೀನಿನ ಬಾಡಿಗೆ, ತಿಂಗಳ ಕನಿಷ್ಠ ಶುಲ್ಕಗಳನ್ನೂ ಕೂಡಿಸಿ, ಒಟ್ಟು ಖರ್ಚನ್ನು ತಿಂಗಳ ಕಾರ್ಡ್ ವಹಿವಾಟಿನಿಂದ ಭಾಗಿಸಿದಾಗ ಬರುವುದೇ ನಿಜವಾದ ಕಮಿಷನ್. ಒಪ್ಪಂದ ಎಷ್ಟು ವರ್ಷದ್ದು, ಮಧ್ಯೆ ಬಿಟ್ಟರೆ ದಂಡವೆಷ್ಟು ಎಂಬುದನ್ನು ಸಹಿಗೆ ಮುಂಚೆಯೇ ಓದಿ.

ಅರ್ಜಿ ತುಂಬುವಾಗ ಹೆಚ್ಚಿನವರು ಕಡೆಗಣಿಸುವುದು ಗ್ರಾಹಕರ ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರನ್ನು. ಖಾತೆ ಮಾಲೀಕರ ಹೆಸರಿನಲ್ಲಿ, ಬೋರ್ಡು ಬೇರೆ ಹೆಸರಿನಲ್ಲಿ. ಸ್ಟೇಟ್‌ಮೆಂಟ್ ನೋಡಿದ ಗ್ರಾಹಕರು ‘ಇದ್ಯಾರು?’ ಎಂದು ಬ್ಯಾಂಕಿಗೆ ದೂರು ಕೊಡುತ್ತಾರೆ. ಬೋರ್ಡಿನ ಹೆಸರನ್ನೇ ಹಾಕಿಸಿ. ಸಾಮಾನ್ಯವಾಗಿ ಸಿಗುವುದು 22 ಅಕ್ಷರಗಳ ಜಾಗ, ಅದಕ್ಕೆ ತಕ್ಕಂತೆ ಚುಟುಕಾಗಿರಲಿ.

ಮಷೀನ್ ‘ಅಪ್ರೂವ್ಡ್’ ಎಂದಿತೆಂದರೆ ದುಡ್ಡು ಬಂತು ಎಂದಲ್ಲ. ಗ್ರಾಹಕರ ಬ್ಯಾಂಕು ಅಷ್ಟು ಮೊತ್ತವನ್ನು ತೆಗೆದಿರಿಸಿದೆ, ಅಷ್ಟೇ. ಸೆಟಲ್‌ಮೆಂಟ್ ಆಗಿ ನಿಮ್ಮ ಖಾತೆ ಸೇರಲು ಸಾಮಾನ್ಯವಾಗಿ ಒಂದರಿಂದ ಮೂರು ಕೆಲಸದ ದಿನ ಬೇಕು. ಕೆಲವು ಮಷೀನುಗಳಲ್ಲಿ ದಿನದ ಕೊನೆಗೆ ಬ್ಯಾಚನ್ನು, ಅಂದರೆ ಆ ದಿನದ ಕಾರ್ಡ್ ವ್ಯವಹಾರಗಳ ಕಟ್ಟನ್ನು, ನೀವೇ ಮುಚ್ಚಬೇಕು. ಮರೆತರೆ ಹಣ ಅಲ್ಲೇ ನಿಲ್ಲುತ್ತದೆ. ಮೊತ್ತ ತಪ್ಪಾಗಿ ಒತ್ತಿದ್ದರೆ ಬ್ಯಾಚ್ ಮುಚ್ಚುವ ಮೊದಲೇ ‘ವಾಯ್ಡ್’ (ರದ್ದು) ಮಾಡಿ. ಆಮೇಲೆ ಉಳಿಯುವುದು ರೀಫಂಡ್ ಮಾತ್ರ, ಅದರಲ್ಲಿ ಕಮಿಷನ್ ಬಹಳ ಕಡೆ ವಾಪಸ್ ಬರುವುದಿಲ್ಲ. ರೀಫಂಡನ್ನು ಅದೇ ಕಾರ್ಡಿಗೇ ಮಾಡಿ. ನಗದು ಕೊಟ್ಟರೆ ಮಷೀನಿನಲ್ಲಿ ಅದರ ದಾಖಲೆ ಇರದು, ಅದೇ ಗ್ರಾಹಕರು ಬ್ಯಾಂಕಿಗೆ ದೂರು ಕೊಟ್ಟು ಹಣ ಹಿಂಪಡೆಯುವ ಚಾರ್ಜ್‌ಬ್ಯಾಕ್ ಹಾಕಿದರೆ ಎರಡು ಸಲ ಕಳೆದುಕೊಂಡಂತೆ.

ಚಾರ್ಜ್‌ಬ್ಯಾಕಿಗೆ ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಹಲವು ಕಾರಣಗಳಿಗೆ 120 ದಿನಗಳವರೆಗೆ ಅವಕಾಶವಿದೆ. ಕಾರ್ಡ್ ಕದ್ದದ್ದಾಗಿದ್ದರೂ ಚಿಪ್ ಹಾಕಿ ಪಿನ್ ಒತ್ತಿಸಿದ್ದರೆ ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು. ಫೋನಿನಲ್ಲಿ ನಂಬರ್ ಕೇಳಿ ಕೈಯಾರೆ ಟೈಪ್ ಮಾಡಿದ್ದರೆ ನಿಮ್ಮದೇ. ಆದ್ದರಿಂದ ದೂರದ ಗ್ರಾಹಕರಿಗೆ ಒಟಿಪಿ ಕೇಳುವ ಪೇಮೆಂಟ್ ಲಿಂಕ್ ಕಳಿಸಿ, ನಂಬರ್ ಕೇಳಲೇಬೇಡಿ. ಸಿವಿವಿ ಬರೆದಿಟ್ಟುಕೊಳ್ಳುವುದಂತೂ ಕಾರ್ಡ್ ಸುರಕ್ಷತೆಯ ಪಿಸಿಐ ನಿಯಮದಲ್ಲಿ ಪೂರ್ತಿ ನಿಷಿದ್ಧ. ಡೈರಿಯಲ್ಲೂ ಬೇಡ, ವಾಟ್ಸಾಪ್‌ನಲ್ಲೂ ಬೇಡ. ದೂರು ಬಂದರೆ ಬಿಲ್ಲು, ಡೆಲಿವರಿ ಸಹಿ, ಮೆಸೇಜುಗಳನ್ನು ಗಡುವಿನೊಳಗೆ ಕಳಿಸಿ. ಸುಮ್ಮನಿದ್ದರೆ ಸೋತಂತೆಯೇ ಲೆಕ್ಕ.

ಖಾತೆಗೆ ಬೀಳುವುದು ಕಮಿಷನ್ ಕಳೆದು ಉಳಿದ ಮೊತ್ತ. ಅದನ್ನೇ ಮಾರಾಟ ಎಂದು ಬರೆದರೆ ತೆರಿಗೆ ಲೆಕ್ಕ ತಾಳೆಯಾಗುವುದಿಲ್ಲ. ಪೂರ್ತಿ ಬಿಲ್ಲನ್ನು ಮಾರಾಟಕ್ಕೆ, ಕಮಿಷನ್ನನ್ನು ಖರ್ಚಿಗೆ ಬರೆಯಿರಿ.

ನೆಟ್‌ವರ್ಕ್ ಕೈಕೊಟ್ಟು ಪರದೆ ನಡುವೆಯೇ ನಿಂತರೆ ಇನ್ನೊಮ್ಮೆ ಕಾರ್ಡ್ ಕೇಳುವ ಮೊದಲು ವ್ಯವಹಾರಗಳ ಪಟ್ಟಿ ತೆರೆದು ನೋಡಿ; ಮೊದಲನೆಯದು ಆಗಿಯೇ ಹೋಗಿರಬಹುದು.